ಯಂತ್ರದ ಕೆಳಗೆ ಏಳು ಕುರ್ಚಿ

"ಎತ್ತೋ ಬೋಳಿಮಗನೆ. ನಿನ್ನ ಸೊಂಟ ಬಿದ್ದಿದೆ ಅಂತ ಸರಪಳೀದೂ ಬಿದ್ದಿದ್ಯಾ?"

ಕಾರ್ಖಾನೆ ನಡೆಸುವ ಸಾಹೇಬ ನನಗೆ ಹೇಳಿದ್ದು. ಏನು ಕೇಳಿದರೂ "ಆಗುತ್ತೆ" ಅನ್ನುತ್ತಿದ್ದುದರಿಂದ ಅವನಿಗೆ ನಾವಿಟ್ಟ ಹೆಸರು ಆಗುತ್ತೆ ಸಾಹೇಬ. ಹೊಸ ಯಂತ್ರದ ತೂಕ ಎಂಟು ಟನ್. ಕ್ರೇನಿನ ಸರಪಳಿಯ ಬಿಲ್ಲೆಯಲ್ಲಿ ಐದು ಅಂತ ಕೊರೆದಿತ್ತು. ನನಗೆ ಓದು ಅಷ್ಟಕ್ಕಷ್ಟೆ, ಅಂಕಿ ಬರುತ್ತದೆ.

"ಐದು ಅಂತ ಬರೆದಿರೋದು ಪುಕ್ಕಲರಿಗೆ," ಎಂದ.

ಮೇಲೆ ಬಾಲ್ಕನಿಯಲ್ಲಿ ಆಡಳಿತ ಮಂಡಳಿಯ ಆರು ಜನ ಮೆತ್ತನೆ ಕುರ್ಚಿಗಳಲ್ಲಿ ಕೂತಿದ್ದರು. ಸಾಹೇಬ ಹದ್ದು ಮೀರದಂತೆ ನೋಡಿಕೊಳ್ಳುವುದೇ ಅವರ ಕೆಲಸವಂತೆ. "ಎತ್ತಿಸಲಾ?" ಎಂದು ಅವನು ಕೇಳಿದ್ದೇ ತಡ, ಆರೂ ಕೈ ಮೇಲೆದ್ದವು. ಎತ್ತುವುದರಲ್ಲಿ ನಮ್ಮ ಕ್ರೇನಿಗಿಂತ ಅವೇ ಚುರುಕು.

ಕೆಳಗೆ ನಿಂತು ಯಂತ್ರವನ್ನು ಹಗ್ಗದಲ್ಲಿ ತಿರುಗಿಸಬೇಕಾದವನು ನನ್ನ ಅಳಿಯ. ಮಗಳು ತುಂಬು ಬಸುರಿ.

"ನಿಂತ್ಕೋತೀನಿ ಬಿಡಿ ಮಾವ. ಇಲ್ಲಾಂದ್ರೆ ನಿಮ್ಮನ್ನ ಓಡಿಸ್ತಾನೆ."

"ಸುಮ್ನಿರಪ್ಪ."

ಭಾರ ಎತ್ತುವ ನಮ್ಮ ಗುಂಪಿನಲ್ಲಿ ಒಂದು ಪದ್ಧತಿ. ಭಾರ ತಡೆಯುತ್ತದೆ ಅಂತ ಯಾರು ಹೇಳುತ್ತಾರೋ, ಮೊದಲ ಸಲ ಎತ್ತುವಾಗ ಕೆಳಗೆ ಅವರೇ ನಿಲ್ಲಬೇಕು. ಮೂವತ್ತಾರು ವರ್ಷ ನಾನು ನಿಂತಿದ್ದೇನೆ. ಅದಕ್ಕೇ ಎಷ್ಟೋ ಸಲ "ಬೇಡ" ಅಂದಿದ್ದೇನೆ.

ಬಾಲ್ಕನಿಗೆ ಹೋಗಿ ಕೈಮುಗಿದೆ. "ಎಲ್ರೂ ಕೆಳಗೆ ಹತ್ತಿರ ಬನ್ನಿ ಬುದ್ಧಿ, ಯಂತ್ರದ ಜೊತೆ ಫೋಟೋ ಚೆನ್ನಾಗಿ ಬರುತ್ತೆ."

ಸಾಹೇಬ ಉಬ್ಬಿಹೋದ. ಅವನದೂ ಸೇರಿ ಏಳು ಕುರ್ಚಿಗಳನ್ನು ನಾವೇ ಹೊತ್ತು ತಂದು ಕ್ರೇನಿನ ಅಡಿಯಲ್ಲಿ ಸಾಲಾಗಿ ಹಾಕಿದೆವು. ಮಂಡಳಿಯವರು ಕೂತರು. ಅವರಲ್ಲಿ ಹಿರಿಯ ಹೆಂಗಸು ಕೇಳಿದರು, "ಯಂತ್ರ ಯಾವ ಕಡೆಯಿಂದ ಹೋಗುತ್ತಪ್ಪ?"

"ನಿಮ್ಮ ತಲೆ ಮೇಲಿಂದ್ಲೇ, ತಾಯಿ."

ಆಕೆ ನಿಧಾನವಾಗಿ ಮೇಲೆ ನೋಡಿದರು. "ಈ ಸರಪಳಿ ಎಷ್ಟು ತಡೆಯುತ್ತೆ?"

ಮಂಡಳಿಯವರೊಬ್ಬರು ಪ್ರಶ್ನೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಐದು ಟನ್. ಯಂತ್ರ ಎಂಟು."

ಆರೂ ಜನ ಎದ್ದರು, ದಪ್ಪನೆಯವರೊಬ್ಬರು ಎಲ್ಲರಿಗಿಂತ ಮೊದಲು. ಬೇರೆ ಸರಪಳಿ ಬರುವವರೆಗೆ ಎತ್ತಕೂಡದು ಅನ್ನುವುದಕ್ಕೂ ಆರು ಕೈ ಮೇಲೆದ್ದವು.

"ನನ್ನ ಮೇಲೆ ನಂಬಿಕೆ ಇಲ್ವಾ?" ಎಂದ ಸಾಹೇಬ.

"ಪೂರ್ತಿ ಇದೆ," ಎಂದರು ದಪ್ಪನೆಯವರು, ಬಾಗಿಲ ಬಳಿಯಿಂದ.

ಸಾಹೇಬ ನನ್ನ ಕಡೆ ತಿರುಗಿದ. "ನಾಳೆಯಿಂದ ಗೇಟಿನೊಳಗೆ ಕಾಲಿಟ್ರೆ ಮುರೀತೀನಿ, ಮುದಿಗೂಬೆ. ಕುರ್ಚಿ ಎತ್ತಿಡು."

ಅಳಿಯನೂ ನಾನೂ ಆರು ಕುರ್ಚಿಗಳನ್ನು ಮೇಲಕ್ಕೆ ಸಾಗಿಸಿದೆವು. ಏಳನೆಯದನ್ನು ಸರಪಳಿಯ ನೇರಕ್ಕೆ ಎಳೆದು, ಹೆಗಲ ಮೇಲಿನ ಟವೆಲಿನಿಂದ ಧೂಳು ಒರೆಸಿದೆ.

"ಕೂತ್ಕೊಳ್ಳಿ ಸಾಹೇಬ್ರೇ, ಎತ್ತಿಬಿಡ್ತೀನಿ. ಆಗುತ್ತೆ."