ಇಲ್ಲದ ಕಿಣ್ವದ ಗೆರೆ

ದಸರೆಯ ಸಂಜೆ ರಾಮದುರ್ಗದಿಂದ ಬಂದು ಪ್ರಯೋಗಾಲಯದ ಬಾಗಿಲು ತೆಗೆದಾಗ ಫ್ರೀಜರು ಸದ್ದಿಲ್ಲದೆ ನಿಂತಿತ್ತು. ಅದರ ಹಣೆಗೆ ಮೂರು ಬೆರಳಿನ ವಿಭೂತಿ, ಹಿಡಿಕೆಗೆ ಚೆಂಡುಹೂವಿನ ಮಾಲೆ. ಪ್ಲಗ್ಗು ಕಿತ್ತು, ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಮೇಲೆ ಇಟ್ಟಿದ್ದರು. ಕೆಳಗೆ ಹಾಸಿದ್ದ ಗೋಣಿಚೀಲ ನೀರು ಕುಡಿದು ಕಪ್ಪಾಗಿತ್ತು.

ಶಟ್ಟೆಪ್ಪ ಬನ್ನಿ ಎಲೆ ಹಿಡಿದು ನಗುತ್ತ ಬಂದ. ಬೈಲಹೊಂಗಲದ ಈ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ದಿನಗೂಲಿಯ ಮೇಲೆ ಗಾಜಿನ ಸಾಮಾನು ತೊಳೆಯುತ್ತಿದ್ದವನು ಅವನು.

"ಬನ್ನಿ ತಗೋರಿ ಅಕ್ಕೋರ, ಬಂಗಾರದಂಗ ಇರೂಣು."

"ಶಟ್ಟೆಪ್ಪಾ, ಇದನ್ನ ಯಾರು ಬಂದ್ ಮಾಡಿದ್ರು?"

"ನಾನ ರೀ. ನಿನ್ನಿ ಖಂಡೇಪೂಜಿ ಇತ್ತಲ್ಲರಿ. ವರ್ಷಾನುಗಟ್ಟಲೆ ಒಂದ ಸವನ ದುಡದೈತಿ. ನೇಗಿಲಕ್ಕ ಸೂಟಿ ಕೊಡ್ತೇವಿ, ಇದಕ್ಕ ಬ್ಯಾಡೇನ್ರಿ? ಬರ್ಫ ಎಲ್ಲಾ ತಗದು ಜಳಕಾ ಮಾಡಿಸೇನಿ."

"ಹೋದ ವರ್ಷ ಹಿಂಗ ಮಾಡಿರಲಿಲ್ಲ."

"ಹೋದ ವರ್ಷ ನೀವು ಕಾವಲ ಕುಂತಂಗ ಇಲ್ಲೇ ಕುಂತಿದ್ರಿ. ಮುಟ್ಟಾಕರ ಬಿಟ್ಟಿದ್ರೇನು?"

"ಒಳಗಿನ ಸಣ್ಣ ಟ್ಯೂಬು?"

"ಅವೂ ಇಲ್ಲೇ ಅದಾವ ರೀ. ತಾಟಿನ್ಯಾಗ ಇಟ್ಟು ಊದಿನಕಡ್ಡಿ ಬೆಳಗೇನಿ."

ಕಿಟಕಿಯ ಕಟ್ಟೆಯ ಮೇಲೆ, ಒಂದೂವರೆ ದಿನದ ಬಿಸಿಲಿಗೆ ಬೆಚ್ಚಗಾಗಿ, ನನ್ನ ಟ್ಯೂಬುಗಳು ಕುಂಕುಮ ಹಚ್ಚಿಕೊಂಡು ಕೂತಿದ್ದವು. ಅವುಗಳಲ್ಲಿದ್ದದ್ದು ಪ್ರತಿಕಾಯ. ಮೊಲದ ರಕ್ತದಿಂದ ತೆಗೆದದ್ದು, ಒಂದೇ ಒಂದು ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವಂಥದ್ದು. ಹಾಗೆಂದು ಸೀಸೆಯ ಜೊತೆ ಬಂದ ಕಾಗದದಲ್ಲಿ ಬರೆದಿತ್ತು. ನಾನು ನಂಬಿದ್ದೆ.

ರಾಮದುರ್ಗದಲ್ಲಿ ನಮ್ಮದು ಮಗ್ಗದ ಮನೆ. ಏನು ಓದುತ್ತೀ ಎಂದು ಕೇಳಿದವರಿಗೆ ಹೇಳುತ್ತಿದ್ದೆ: ಜೀವಕೋಶದೊಳಗೆ ಡಿಎನ್‌ಎ ಎಂಬ ಉದ್ದನೆಯ ನೂಲಿದೆ, ಹಿಸ್ಟೋನ್ ಎಂಬ ಕಂಡಿಕೆಗಳ ಮೇಲೆ ಸುತ್ತಿಕೊಂಡಿದೆ. ಕೆಲವು ಕಿಣ್ವಗಳು ಕಂಡಿಕೆಗೆ ಪುಟ್ಟ ರಾಸಾಯನಿಕ ಗುರುತು ಅಂಟಿಸುತ್ತವೆ, ಕೆಲವು ಕೀಳುತ್ತವೆ. ಕಿತ್ತರೆ ನೂಲು ಬಿಗಿಯಾಗಿ, ಅಲ್ಲಿ ಬರೆದದ್ದನ್ನು ಕೋಶ ಓದಲಾರದು. ನನ್ನದು ಕೀಳುವ ಕಿಣ್ವ. ಯೀಸ್ಟನ್ನು ಉಪವಾಸ ಕೆಡವಿದರೆ ಆ ಕಿಣ್ವ ಹೆಚ್ಚುತ್ತದೆ ಎನ್ನುವುದು ನನ್ನ ಮೂರು ವರ್ಷದ ಶೋಧ. ಕಾಗದದಂಥ ತೆಳು ಪೊರೆಯ ಮೇಲೆ ಯೀಸ್ಟಿನ ಪ್ರೋಟೀನುಗಳನ್ನು ಸಾಲುಸಾಲಾಗಿ ಹರಡಿ ಪ್ರತಿಕಾಯ ಸುರಿದರೆ, ಕಿಣ್ವ ಇರುವ ಜಾಗದಲ್ಲಿ ನೇರಳೆ ಗೆರೆ ಮೂಡುತ್ತದೆ. ಅಂಥ ಗೆರೆಗಳು ನನ್ನ ಬಳಿ ನೂರಾರಿದ್ದವು.

ಉಳಿದದ್ದು ಒಂದೇ ಪರೀಕ್ಷೆ. ಆ ಕಿಣ್ವವನ್ನೇ ತೆಗೆದುಹಾಕಿದ ಯೀಸ್ಟು ದಸರೆಗೆ ಒಂದು ವಾರ ಮೊದಲು ಹೈದರಾಬಾದಿನಿಂದ ಬಂದಿತ್ತು. ಪೊರೆಯ ಮೇಲೆ ಅದರ ಸಾಲು ಗೆರೆಯಿಲ್ಲದೆ ಖಾಲಿ ಇರಬೇಕು. ಅಷ್ಟು ತೋರಿಸದೆ ಪ್ರಬಂಧ ತೆಗೆದುಕೊಳ್ಳುವುದಿಲ್ಲ ಎಂದು ಸಮಿತಿ ಬರೆದಿತ್ತು. ನನ್ನ ಪಿಎಚ್‌ಡಿ ನೋಂದಣಿ 2003ರ ಡಿಸೆಂಬರಿಗೆ ಮುಗಿಯುತ್ತಿತ್ತು.

ಹೊಸದನ್ನು ತರಿಸಲು ಹೊತ್ತಿಲ್ಲದೆ, ಮರುದಿನ ಬಿಸಿಲು ಕಂಡ ಆ ಪ್ರತಿಕಾಯದಲ್ಲೇ ಪರೀಕ್ಷೆ ಮಾಡಿದೆ. ಅದು ಬಿಸಿಲಿಗೆ ಕೆಡುತ್ತದೆ ಎಂದು ನನ್ನಿಂದ ಕೇಳಿದ್ದ ಶಟ್ಟೆಪ್ಪ ಹಾಲಿನ ಪುಡಿ ಕಲಸಿಕೊಟ್ಟ. ಪ್ರತಿಕಾಯ ಸಿಕ್ಕಸಿಕ್ಕಲ್ಲಿ ಅಂಟದಿರಲೆಂದು ಪೊರೆಯನ್ನು ಮೊದಲು ಹಾಲಿನಲ್ಲಿ ನೆನೆಸುತ್ತೇವೆ. ಬೇರೆ ದಿನವಾಗಿದ್ದರೆ "ನಮಗ ಕರೀ ಚಹಾ, ಪೊರಿಗೆ ಹಾಲು" ಎಂದು ಗೊಣಗುತ್ತಿದ್ದ.

ಮಧ್ಯಾಹ್ನ ಬಣ್ಣ ಬಂತು. ಎಡಗಡೆ ಸಾಮಾನ್ಯ ಯೀಸ್ಟು, ಗೆರೆ. ಬಲಗಡೆ ಕಿಣ್ವವಿಲ್ಲದ ಯೀಸ್ಟು. ಅಲ್ಲಿಯೂ ಗೆರೆ. ಅದೇ ಎತ್ತರ, ಅದೇ ದಪ್ಪ.

ಕೆಟ್ಟ ಪ್ರತಿಕಾಯ ಕುರುಡಾಗುತ್ತದೆ, ಗೆರೆ ಮಸುಕಾಗುತ್ತದೆ. ಇಲ್ಲದ್ದನ್ನು ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇಡಿಕೊಂಡೆ. ತಪ್ಪು ಫ್ರೀಜರಿನದಾಗಿರಲಿ, ಶಟ್ಟೆಪ್ಪನದಾಗಿರಲಿ, ಅವನ ವಿಭೂತಿಯದಾಗಿರಲಿ. ಒಬ್ಬ ಮನುಷ್ಯ ತಪ್ಪು ಮಾಡಿರಲಿ ಎಂದು ಅಷ್ಟು ಭಕ್ತಿಯಿಂದ ನಾನು ಯಾವತ್ತೂ ಬೇಡಿರಲಿಲ್ಲ.

ಧಾರವಾಡದಲ್ಲಿ ನನ್ನ ಗೆಳತಿ ಭಾಗೀರಥಿಯ ಪ್ರಯೋಗಾಲಯವಿತ್ತು. ಎರಡು ವರ್ಷದ ಹಿಂದೆ ಇದೇ ಸೀಸೆಯಿಂದ ಅವಳಿಗೊಂದು ಟ್ಯೂಬು ಕೊಟ್ಟಿದ್ದೆ. ಅವಳು ಮುಟ್ಟಿರಲಿಲ್ಲ. ಥರ್ಮಾಸಿನಲ್ಲಿ ಬರ್ಫ ತುಂಬಿಸಿಕೊಂಡು ಹೋದೆ.

"ಮುಖ ಯಾಕ ಹಿಂಗ ಮಾಡೀಯವಾ, ಯಾರರ ಸತ್ತಾರೇನು?" ಎಂದಳು ಭಾಗೀರಥಿ.

"ಗೊತ್ತಿಲ್ಲ. ನಾಳೆ ಹೇಳತೇನಿ."

ವಾಪಸು ಬರುವ ಬಸ್ಸಿನಲ್ಲಿ, ಟ್ಯೂಬು ಇಟ್ಟ ಥರ್ಮಾಸನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಿತ್ತೂರಿನಲ್ಲಿ ಬಸ್ಸು ನಿಂತಾಗ ಪಕ್ಕದ ಮುದುಕಿ "ಬಾಣಂತಿಗೆ ಒಯ್ಯಾಕ ಹತ್ತೀಯೇನವಾ?" ಎಂದು ಕೇಳಿದಳು. ಹೌದು ಎಂದೆ. ದಾರಿಯುದ್ದಕ್ಕೂ ಬಾಣಂತಿಗೆ ಏನು ತಿನ್ನಿಸಬೇಕೆಂದು ಹೇಳುತ್ತಲೇ ಇದ್ದಳು. ನಾನು ತಲೆ ಆಡಿಸುತ್ತಿದ್ದೆ.

ಬಿಸಿಲು ಕಾಣದ ಆ ಟ್ಯೂಬಿನಿಂದ ಮತ್ತೊಂದು ಪೊರೆ ಮಾಡಿದೆ. ಎಡಕ್ಕೆ ಗೆರೆ, ಬಲಕ್ಕೂ ಗೆರೆ. ಅಂದರೆ ಪ್ರತಿಕಾಯ ಮೊದಲ ದಿನದಿಂದಲೂ ಬೇರೆ ಯಾವುದೋ ಪ್ರೋಟೀನನ್ನು ಹಿಡಿಯುತ್ತಿತ್ತು. ಉಪವಾಸದಲ್ಲಿ ಹೆಚ್ಚಿದ್ದು ಆ ಯಾವುದೋ ಒಂದು. ನನ್ನ ಕಿಣ್ವವನ್ನು ಮೂರು ವರ್ಷದಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ.

ಮಾರ್ಗದರ್ಶಕರಾದ ಯರಗಟ್ಟಿ ಸರ್ ಕೇಳಿಸಿಕೊಂಡರು. ಕನ್ನಡಕ ಒರೆಸಿದರು.

"ಫ್ರೀಜರ್ ಬಂದ್ ಆಗಿದ್ದು ಖರೇ ಹೌದಲ್ಲ?"

"ಹೌದ್ರಿ ಸರ್."

"ಮತ್ತ ಅಷ್ಟ ಬರಿ. ಪ್ರತಿಕಾಯ ಕೆಟ್ಟತು, ಕಡೀ ಪರೀಕ್ಷೆ ಮಾಡಾಕ ಆಗಲಿಲ್ಲ, ಹಳೇ ಫಲಿತಾಂಶ ಹಂಗ ಇರಲಿ. ಶಟ್ಟೆಪ್ಪನ ಕಡೆ ಒಂದ ಹೇಳಿಕಿ ಬರಿಸ್ಕೊ. ಸಮಿತಿ ಒಪ್ಪತೈತಿ."

"ಧಾರವಾಡದ ಟ್ಯೂಬು?"

"ಯಾ ಟ್ಯೂಬು?" ಎಂದರು ಸರ್.

ಹೇಳಿಕೆಯನ್ನು ನಾನೇ ಟೈಪ್ ಮಾಡಿದೆ. 'ನನ್ನ ನಿರ್ಲಕ್ಷ್ಯದಿಂದ' ಎಂಬ ಮಾತು ಎರಡು ಕಡೆ ಬಂತು. ಅಂಥ ಕಾಗದಕ್ಕೆ ಸಹಿ ಹಾಕಿದವನನ್ನು ಕಾಲೇಜು ಉಳಿಸಿಕೊಳ್ಳುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೇ ಬೇಗ ಬೇಗ ಟೈಪ್ ಮಾಡಿದೆ.

ಶಟ್ಟೆಪ್ಪ ಸಿಂಕಿನ ಹತ್ತಿರ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡ. ತುಟಿ ಅಲುಗಿಸುತ್ತ ಓದಿದ.

"ಇದನ್ನ ಹಾಕಿದ್ರ ನಿಮ್ಮ ಪುಸ್ತಕ ಪಾಸಾಗತೈತೇನ್ರಿ?"

"ಆಗಬಹುದು."

"ಪೆನ್ ಕೊಡ್ರಿ ಹಂಗಾರ. ತಪ್ಪು ನಂದ ಐತಿ. ಎರಡ ದಿನದಿಂದ ಊಟ ಸೇರವಲ್ದು, ಮನ್ಯಾಗ ಕೇಳ್ರಿ ಬೇಕಾದ್ರ. ನಿಮ್ಮ ಮೂರ ವರ್ಷ ನನ್ನ ಕೈಯಾಗ ಹಾಳಾತು."

ನಾನು ಪೆನ್ನು ಕೊಟ್ಟೆ. ಹೌದು, ಕೊಟ್ಟೆ. ಅವನು ಕಾಗದವನ್ನು ಮೇಜಿನ ಮೇಲೆ ಚಪ್ಪಟೆ ಮಾಡಿ, ತನ್ನ ಹೆಸರಿನ ಮೊದಲ ಅಕ್ಷರ ಬರೆದ. ಎರಡನೆಯದಕ್ಕೆ ಕೈ ಹೋಗುವಾಗ ಕಾಗದ ಎಳೆದುಕೊಂಡೆ. ಪೆನ್ನಿನ ಮೊನೆ ಉದ್ದಕ್ಕೂ ಗೀರಿತು.

"ನಿನ್ನ ತಪ್ಪಿಲ್ಲ ಶಟ್ಟೆಪ್ಪಾ. ಫ್ರೀಜರ್ ಚಾಲೂ ಇದ್ದಿದ್ರೂ ಇದ ಆಗತಿತ್ತು. ಔಷಧಾನ ಬ್ಯಾರೆ ಏನನ್ನೋ ಹಿಡಿಯಾಕ ಹತ್ತಿತ್ತು. ಮೊದಲಿಂದ. ನಾ ನೋಡಲಿಲ್ಲ."

ಅವನ ಮುಖ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

"ಮೊದಲಿಂದ ಅಂದ್ರ?"

"ಮೂರು ವರ್ಷದಿಂದ."

ಒಣಗಲು ಬೋರಲು ಹಾಕಿದ್ದ ಬಾಟಲಿಗಳ ಸಾಲನ್ನು ನೋಡಿದ. "ಮತ್ತ ನಾ ದಿನಾ ಮೂರ ಸಲ ತೊಳದಿದ್ದು? ಒಂದ ಕಲಿ ಉಳದ್ರ ಬೈತಿದ್ರೆಲ್ಲರಿ. ಅದೆಲ್ಲಾ ಯಾತಕ್ಕ ರೀ?"

ಅವನು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. "ನಂದ ತಪ್ಪಾಗಿದ್ರ ಚೊಲೋ ಇತ್ತ ನೋಡ್ರಿ ಅಕ್ಕೋರ," ಎಂದು ಹೊರಗೆ ಹೋದ. ನಲ್ಲಿ ಹರಿಯುತ್ತಲೇ ಇತ್ತು.

ಎರಡೂ ಪೊರೆಗಳನ್ನು ಕಾಗದಕ್ಕೆ ಅಂಟಿಸಿದೆ. ಕೆಳಗೆ ತಾರೀಖು, ಯಾವ ಟ್ಯೂಬು ಎಲ್ಲಿಂದ ಬಂತು, ಕಿಣ್ವವಿಲ್ಲದ ಸಾಲಿನಲ್ಲೂ ಗೆರೆ ಇದೆ ಎಂದು ಬರೆದು ಸಹಿ ಮಾಡಿ ಸರ್ ಮುಂದೆ ಇಟ್ಟೆ. ಅವರು ಕೂರು ಎನ್ನಲಿಲ್ಲ.

"ಇದನ್ನ ಕಳಿಸಿದ್ರ ಡಿಸೆಂಬರಿಗೆ ನಿನ್ನ ಕಡೆ ಏನ ಉಳೀತೈತಿ, ನಾಗರತ್ನಾ?"

"ಏನೂ ಇಲ್ರಿ ಸರ್."

ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹತ್ತಿರ ತಂದರು, ದೂರ ಮಾಡಿದರು. ಕೊನೆಗೆ ತಲೆಕೆಳಗು ತಿರುಗಿಸಿ ನೋಡಿದರು. ಎಡದ ಗೆರೆ ಬಲಕ್ಕೆ ಹೋಯಿತು, ಬಲದ್ದು ಎಡಕ್ಕೆ ಬಂತು.