ಎಮ್ಮೆ ಕಿವಿ

“ಏನಲೇ ಕೊಟ್ರ, ಗಾಡಿಗೆ ಎಮ್ಮೆ ಕಿವಿ ಹಚ್ಕಂಡು ಬಂದೀಯಾ? ಹಾಲು ಎಷ್ಟು ಲೀಟ್ರು ಕೊಡ್ತತಿ?”

ಬಜ್ಜಿ ಅಂಗಡಿಯ ಮುಂದೆ ನಿಂತಿದ್ದ ಏಳೆಂಟು ಜನ ಹೋ ಎಂದು ನಕ್ಕರು. ಕೇಳಿದವನು ಪರಸ್ಯಾ, ನನ್ನ ಯಜಮಾನ ಕೊಟ್ರೇಶನ ಗೆಳೆಯ. ಕೊಟ್ರೇಶನೂ ನಕ್ಕ. ಆದರೆ ಅವನ ಕಿವಿ ಕೆಂಪಗಾದದ್ದು ನನಗೆ ಕಂಡಿತು.

ಆ ಎಮ್ಮೆ ಕಿವಿ ನಾನೇ. ನಾನು ಒಂದು ಬೈಕಿನ ಬಲಗಡೆಯ ಕನ್ನಡಿ.

ನಾನು ಹುಟ್ಟಿದ್ದು ಒಂದು ತಗಡಿನ ಶೆಡ್ಡಿನಲ್ಲಿ. ಗಾಜಿನ ಹಾಳೆಯಿಂದ ದುಂಡಗೆ ಕೊಯ್ದು, ಬೆನ್ನಿಗೆ ಬೆಳ್ಳಿಬಣ್ಣ ಬಳಿದು, ಕರೀ ಚಿಪ್ಪಿನಲ್ಲಿ ಕೂರಿಸಿದರು. ಕಣ್ಣು ಬಿಟ್ಟಾಗ ಎದುರಿಗೆ ನನ್ನಂಥವೇ ನೂರು ಕನ್ನಡಿ. ನನ್ನೊಳಗೆ ಅವು, ಅವುಗಳೊಳಗೆ ನಾನು, ತಳವೇ ಇಲ್ಲ. ಅವತ್ತಿನಿಂದ ಎಚ್ಚರ ಯಾವುದು, ಕನಸು ಯಾವುದು ಎಂದು ನನಗೆ ಪೂರ್ತಿ ತಿಳಿಯುವುದಿಲ್ಲ.

ನನ್ನ ಮೊದಲ ಯಜಮಾನ ಪೋಸ್ಟ್‌ಮ್ಯಾನ್ ಗುರುಬಸಪ್ಪ. ದಿನಾ ಬೆಳಿಗ್ಗೆ ಟವೆಲ್ಲಿನ ತುದಿಯಿಂದ ನನ್ನ ಮುಖ ಒರೆಸಿ, ಎರಡೇ ಬೆರಳಲ್ಲಿ ಅಷ್ಟು ಹೊರಕ್ಕೆ, ಇಷ್ಟು ಕೆಳಕ್ಕೆ ತಿರುಗಿಸುತ್ತಿದ್ದ. ಆಮೇಲೆ ರಸ್ತೆ ನನ್ನೊಳಗೆ ಹಿಂದಕ್ಕೆ ಹರಿಯುತ್ತಿತ್ತು. ಬೇವಿನ ಮರಗಳು ಬರುಬರುತ್ತಾ ಬೇವಿನ ಗಿಡಗಳಾಗಿ, ಆಮೇಲೆ ಹಸಿರು ಚುಕ್ಕಿಗಳಾಗಿ ಕರಗುತ್ತಿದ್ದವು. ಎಂಟು ವರ್ಷ ಅವನು ನನ್ನನ್ನು ಕೇಳದೆ ಒಂದು ಸಲವೂ ತಿರುಗಲಿಲ್ಲ. ರಿಟೈರ್ ಆದ ಮೇಲೆ ಬೈಕನ್ನು ಕೊಟ್ರೇಶನಿಗೆ ಕೊಟ್ಟ.

ಕೊಟ್ರೇಶನದು ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗಳಿಂದ ಅಂಗಡಿಗಳಿಗೆ ಚೀಲ ಸಾಗಿಸುವ ಕೆಲಸ. ಅವನ ಬೆನ್ನ ಹಿಂದೆ ಅವನಿಗಿಂತ ಎತ್ತರದ ಎರಡು ಚೀಲ. ಭಾರವೇನೂ ಇಲ್ಲ. ದೂರದಿಂದ ನೋಡಿದರೆ ಮೋಡವೊಂದು ಬೈಕ್ ಹತ್ತಿ ಬರುತ್ತಿದೆ ಅನ್ನಬೇಕು, ಹಾಗೆ. ಆದರೆ ಕತ್ತು ತಿರುಗಿಸಿದರೆ ಅವನಿಗೆ ಕಾಣುವುದು ಚೀಲ ಮಾತ್ರ. ಹಿಂದಿನ ರಸ್ತೆ ಕಾಣಬೇಕೆಂದರೆ ನಾವೇ ಗತಿ, ನಾನು ಮತ್ತು ಎಡಗಡೆಯ ನನ್ನ ತಮ್ಮ.

ಅಂಥವನು ಒಂದು ನಗುವಿಗೆ ಹೆದರಿದ! ಅವತ್ತು ಮನೆಗೆ ಹೋದವನೇ ತಮ್ಮನನ್ನು ಬಿಚ್ಚಿ ಅಟ್ಟದ ಮೇಲೆ ಎಸೆದ. ಕೂದಲು ಬಾಚಲು ಬೇಕಲ್ಲ, ಅದಕ್ಕೆ ನನ್ನನ್ನು ಉಳಿಸಿ, ಒಳಮುಖವಾಗಿ ತಿರುಗಿಸಿಕೊಂಡ. ಅಲ್ಲಿಂದ ನನಗೆ ರಸ್ತೆ ಇಲ್ಲ. ಅವನ ಮುಖ, ಅದರ ಹಿಂದೆ ಬಿಳೀ ಚೀಲ, ಮೇಲೆ ಒಂದು ತುಂಡು ಆಕಾಶ. ಅವನು ಹಾಡು ಗುನುಗುತ್ತಾ ನನ್ನನ್ನೇ ನೋಡುತ್ತಿದ್ದ. ನಾನು ಅವನನ್ನೇ ನೋಡುತ್ತಿದ್ದೆ. ಸುಳ್ಳು ಯಾಕೆ, ಆ ದಿನಗಳು ನನಗೂ ಹಿತವಾಗಿದ್ದವು. ಇಬ್ಬರೂ ಕನಸಿನಲ್ಲೇ ಓಡಾಡಿದೆವು.

ಒಂದು ಮಧ್ಯಾಹ್ನ ಎದುರು ಬದಿಯ ಬಜ್ಜಿ ಅಂಗಡಿಯಿಂದ ಪರಸ್ಯಾ ಕೈ ಬೀಸಿದ. “ಬಾರಲೇ, ಬಿಸಿ ಅದಾವೆ!” ಕೊಟ್ರೇಶ ಹಿಂದು ಮುಂದು ನೋಡದೆ ಬಲಕ್ಕೆ ತಿರುಗಿಸಿಬಿಟ್ಟ. ಹಿಂದೆ ಲಾರಿಯ ಹಾರ್ನ್ ಕೇಳಿತ್ತು. ಆ ರಸ್ತೆಯಲ್ಲಿ ಎಲ್ಲರೂ ಹಾರ್ನ್ ಹೊಡೆಯುತ್ತಾರೆ, ಹಾಗಾಗಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ನನ್ನೊಳಗೆ ಆಕಾಶ ಒಂದು ಸುತ್ತು ತಿರುಗಿತು. ಆಮೇಲೆ ಮಂಡಕ್ಕಿ ಸುರಿಯತೊಡಗಿತು. ಮೆತ್ತಗೆ, ಸದ್ದಿಲ್ಲದೆ, ಬಹಳ ಹೊತ್ತು ಸುರಿದ ಹಾಗೆ. ರಸ್ತೆಯೆಲ್ಲ ಬೆಳ್ಳಗಾಯಿತು. ನನ್ನ ಮುಖದ ಮೇಲೆ ಅಡ್ಡಲಾಗಿ ಒಂದು ಬಿರುಕು ಮೂಡಿತ್ತು. ಬಿರುಕಿನ ಒಂದು ಕಡೆ ಕೊಟ್ರೇಶ ಮೊಣಕಾಲು ಹಿಡಿದು ಬಿದ್ದಿದ್ದ. ಇನ್ನೊಂದು ಕಡೆ, ಅವನನ್ನು ಉಳಿಸಲು ಹೋಗಿ ಬೇವಿನ ಮರಕ್ಕೆ ಗುದ್ದಿದ ಲಾರಿ.

ಡ್ರೈವರ್ ಹಾಲೇಶಪ್ಪನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಜನ ಅವನನ್ನು ಕೆಳಗೆಳೆದು ಬಡಿದರು.

“ಕಣ್ಣು ಕಾಣಲ್ವೇನಲೇ ನಿಂಗೆ? ದೊಡ್ಡ ಗಾಡಿ ಐತೆ ಅಂತ ಸೊಕ್ಕಾ?”

“ಅವ್ನೇ ಅಡ್ಡ ಬಂದ್ನಪ್ಪಾ...” ಎಂದು ಅವನು ಹೇಳುತ್ತಲೇ ಇದ್ದ. ಯಾರು ಕೇಳುತ್ತಾರೆ? ನಮ್ಮ ಕಡೆ ತಪ್ಪನ್ನು ಗಾಡಿಯ ಅಳತೆ ನೋಡಿ ಹಂಚುತ್ತಾರೆ. ಹಾಲೇಶಪ್ಪ ಸ್ವಲ್ಪ ಜೋರಾಗಿಯೇ ಬರುತ್ತಿದ್ದ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಬ್ರೇಕು ಅವನು ಒತ್ತಿದ, ಮರಕ್ಕೆ ಅವನು ಗುದ್ದಿದ.

ಪೊಲೀಸರು ಬರುವ ಮೊದಲು ಪರಸ್ಯಾ ಬಗ್ಗಿ ನನ್ನನ್ನು ಹೊರಕ್ಕೆ ತಿರುಗಿಸಿದ. “ಕನ್ನಡಿ ಸರಿ ಐತೆ ಸಾರ್. ಇವ್ನು ನೋಡ್ಕಂಡೇ ತಿರುಗ್ಯಾನೆ.” ಪೇದೆ ನನ್ನೊಳಗೆ ಇಣುಕಿ, ಮೀಸೆ ಸರಿ ಮಾಡಿಕೊಂಡು, ಬರೆದುಕೊಂಡ. ಕೊಟ್ರೇಶ ಬಾಯಿ ಬಿಡಲಿಲ್ಲ. ಎಷ್ಟೋ ತಿಂಗಳ ಮೇಲೆ ನಾನು ನೆಟ್ಟಗೆ ನಿಂತಿದ್ದೆ, ಅದೂ ಒಂದು ಸುಳ್ಳಿಗಾಗಿ. ನನಗೆ ಬಂದ ಸಿಟ್ಟಿಗೆ ಬಿರುಕು ಇನ್ನಷ್ಟು ಬಾಯಿ ಬಿಡಬೇಕಿತ್ತು.

ಬೈಕು ಮನೆಗೆ ಬಂತು. ಅಂಗಳದಲ್ಲಿ ನಿಂತು ನಾನು ದಿನವಿಡೀ ಮೋಡ ನೋಡುತ್ತಿದ್ದೆ. ಪ್ರತಿ ಮೋಡವೂ ಮಂಡಕ್ಕಿ ಚೀಲದಂತೆ ಕಾಣುತ್ತಿತ್ತು. ತಿಂಗಳ ಮೇಲೆ ಹಾಲೇಶಪ್ಪ ಬಂದ. ಕೇಸು ಅವನ ಮೇಲೆ ಬಿದ್ದು, ಮಾಲೀಕ ಅವನನ್ನು ಲಾರಿಯಿಂದ ಇಳಿಸಿದ್ದ. ಬೈಯಲು ಬಂದಿದ್ದಾನೆ ಎಂದುಕೊಂಡೆ. ಅವನು ನನ್ನ ಹತ್ತಿರ ಬಂದು ನಿಂತ.

“ಇಪ್ಪತ್ತೆರಡು ವರ್ಸ ಸ್ಟೇರಿಂಗ್ ಹಿಡ್ದೀನಪ್ಪಾ, ಒಂದು ಕೋಳಿ ಮ್ಯಾಲೆ ಹತ್ತಿಸಿಲ್ಲ. ರಾತ್ರಿ ನಿದ್ದಿ ಬರಲ್ಲ, ಅದ್ಕೇ ಕೇಳ್ತೀನಿ. ಇದ್ರಾಗೆ ನಾ ನಿಂಗೆ ಕಂಡ್ನೇನು?”

ಬಾಗಿಲಲ್ಲಿ ಊರುಗೋಲು ಹಿಡಿದು ನಿಂತಿದ್ದ ಕೊಟ್ರೇಶ ನೆಲ ನೋಡಿದ. ಹಾಲೇಶಪ್ಪ ಅವನ ಊರುಗೋಲು ನೋಡಿ, “ಕಾಲು ಜ್ವಾಪಾನ, ತಮ್ಮಾ” ಎಂದು ಹೊರಟುಹೋದ.

ಕೊಟ್ರೇಶ ಕುಂಟುತ್ತಾ ಬಂದು ನನ್ನನ್ನು ಮತ್ತೆ ಒಳಕ್ಕೆ ತಿರುಗಿಸಿದ. ತನ್ನ ಮುಖ ನೋಡಿದ. ಬಿರುಕು ಅದನ್ನು ಎರಡು ಮಾಡಿತ್ತು. ಹೆಚ್ಚು ಹೊತ್ತು ನೋಡಲಾಗಲಿಲ್ಲ ಅವನಿಗೆ.

ಮರುದಿನ ನನ್ನನ್ನು ಬಿಚ್ಚಿಕೊಂಡು ಠಾಣೆಗೆ ಹೋದ. ಅದೇ ಪೇದೆಯ ಮೇಜಿನ ಮುಂದೆ ನನ್ನನ್ನು ತನ್ನ ಮುಖಕ್ಕೆ ಎದುರಾಗಿ ಹಿಡಿದು, “ಅವತ್ತು ಇದು ಹಿಂಗಿತ್ತು ಸಾರ್. ನಾ ಹಿಂದೆ ನೋಡೇ ಇಲ್ಲ” ಎಂದ.

“ಕೇಸು ನಿನ್ ಮ್ಯಾಲೇ ಬರ್ತತಿ, ಗೊತ್ತೈತೇನಲೇ?”

“ಬರ್ಲಿ ಸಾರ್.”

ಅವನು ನನ್ನನ್ನು ಮೇಜಿನ ಮೇಲೆ ಮಲಗಿಸಿ, ಹೇಳಿಕೆಗೆ ರುಜು ಹಾಕಿದ. ನನ್ನೊಳಗೆ ಠಾಣೆಯ ಫ್ಯಾನು ತಿರುಗುತ್ತಿತ್ತು.

ಹಾಲೇಶಪ್ಪ ಮತ್ತೆ ಲಾರಿ ಹತ್ತಿದ. ಬೈಕು ಗುಜರಿಗೆ ಹೋಯಿತು. ನನಗೂ ವಯಸ್ಸಾಗಿದೆ. ಬೆನ್ನಿನ ಬಣ್ಣ ಅಲ್ಲಲ್ಲಿ ಎದ್ದು, ನಾನು ತೋರಿಸುವ ಊರಿನಲ್ಲಿ ಸದಾ ಮಂಜು. ಆದರೂ ಕೊಟ್ರೇಶ ನನ್ನನ್ನು ಬಿಡಲಿಲ್ಲ. ಭಟ್ಟಿ ಓಣಿ ರಸ್ತೆಗೆ ಸೇರುವ ತಿರುವಿನಲ್ಲಿ, ಎದುರಿನ ಲೈಟ್ ಕಂಬಕ್ಕೆ ತಂತಿಯಿಂದ ಬಿಗಿದ. ಅಂಗೈಯಗಲ ನಾನು, ಎಷ್ಟು ತೋರಿಸೇನು? ಬರುತ್ತಿರುವುದು ಲಾರಿ ಎಂಬಷ್ಟನ್ನು ತೋರಿಸಬಲ್ಲೆ. ಚೀಲ ಹೊತ್ತ ಹುಡುಗರು ನನ್ನ ಕಡೆ ಒಮ್ಮೆ ನೋಡಿ ರಸ್ತೆಗೆ ಇಳಿಯುತ್ತಾರೆ.

ಕಟ್ಟಿದ ದಿನ ಬಜ್ಜಿ ಅಂಗಡಿಯ ಮುಂದೆ ಅದೇ ಜನ.

“ನೋಡ್ರಲೇ, ಗೆಳೆಯರ ಮಾತು ಸುಳ್ಳು ಮಾಡಿ ಲಾರಿಯವ್ನ ಅಳಿಯ ಆದ!” ಎಂದು ಪರಸ್ಯಾ ಕೂಗಿದ. “ಈಗ ಕಂಬಕ್ಕೂ ಎಮ್ಮೆ ಕಿವಿ ಕಟ್ತಾ ಅದಾನೆ. ಹಾಲು ಎಷ್ಟು ಲೀಟ್ರಲೇ?”

ಎಲ್ಲರೂ ನಕ್ಕರು. ಕೊಟ್ರೇಶನ ಕಿವಿ ಈ ಸಲ ಕೆಂಪಗಾಗಲಿಲ್ಲ. ತಂತಿಯ ಕೊನೆಯ ಸುತ್ತು ಬಿಗಿದು, ಪಕ್ಕಡ್ ಜೇಬಿಗಿಟ್ಟ. ಎರಡೇ ಬೆರಳಲ್ಲಿ ನನ್ನನ್ನು ಅಷ್ಟು ಹೊರಕ್ಕೆ, ಇಷ್ಟು ಕೆಳಕ್ಕೆ ತಿರುಗಿಸಿದ. ರಸ್ತೆ ನನ್ನೊಳಗೆ ಮತ್ತೆ ಹರಿಯತೊಡಗಿತು.

“ಬಾಯಿಲ್ವೇನಲೇ?”

ಅವನು ಕುಂಟುತ್ತಾ ಹೊರಟ. ರಸ್ತೆಯ ಅಂಚಿಗೆ ಬಂದು ನಿಂತ, ಕತ್ತು ತಿರುಗಿಸಿ ಹಿಂದೆ ನೋಡಿದ. ಒಂದು ಲಾರಿ ಹೋಗುವವರೆಗೆ ಕಾದು, ದಾಟಿ, ನಡೆದುಹೋದ.