ಮಾಳಿಗೆ ಫಿಲಂಸಿನ ಇಪ್ಪತ್ತೇಳನೆಯ ಪುಟ

ಠಾಣೆಯಲ್ಲಿ ಗಾಡಿ ಬದಲಿಸಿ, ವಾಶಿ ಲೋಕಲ್‌ನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ ಮೇಲೆಯೇ ಜಯಲತಾ ಆ ಪುಸ್ತಕ ಬಿಡಿಸಿದ್ದು. ‘ಮಾಳಿಗೆ ಫಿಲಂಸ್: ಹನ್ನೆರಡು ವರ್ಷ, ಮೂರು ಚಿತ್ರ.’ ಸಂಜೆ ವಾಶಿಯಲ್ಲಿ ಬಿಡುಗಡೆ. ಕಂಪನಿಯ ಹಳಬಳೆಂದು ಒಂದು ಪ್ರತಿ ಮೊದಲೇ ಕೊರಿಯರಿನಲ್ಲಿ ಟಿಟ್ವಾಳಾದ ಮನೆಗೆ ಬಂದಿತ್ತು. ಅವಳು ಹುಡುಕಿದ್ದು ತನ್ನ ಹೆಸರನ್ನೇ, ಅದರಲ್ಲೇನು ನಾಚಿಕೆ? ಇಪ್ಪತ್ತೇಳನೆಯ ಪುಟದಲ್ಲಿ ಸಿಕ್ಕಿತು: ‘ಶೂಟಿಂಗ್ ದಿನಗಳಲ್ಲಿ ಚಾ ತಿಂಡಿಯ ವ್ಯವಸ್ಥೆಯನ್ನು ಜಯಲತಾ ಅಕ್ಕ ಪ್ರೀತಿಯಿಂದ ನೋಡಿಕೊಂಡರು.’

ಚಾ ತಿಂಡಿಯಂತೆ! ಹೋಟೆಲಿನೊಳಗೇ ಶೂಟಿಂಗ್ ಮಾಡುವ ಕಂಪನಿಗೆ ಚಾ ಕೊಡಲು ಹೊರಗಿನಿಂದ ಹೆಂಗಸು ಬರಬೇಕಿತ್ತೇ? ಸುಳ್ಳು ಬರೆಯುವುದಕ್ಕೂ ಒಂದಿಷ್ಟು ತಲೆ ಬೇಡವೇ?

ಡೊಂಬಿವಲಿಯಲ್ಲಿ ಮುಂಡಪ್ಪಣ್ಣನ ಸಸ್ಯಾಹಾರಿ ಹೋಟೆಲು. ಅದರ ಮಾಳಿಗೆಯಲ್ಲಿ ಅಕ್ಕಿಮೂಟೆಗಳ ನಡುವೆ ಹುಟ್ಟಿದ್ದು ಈ ಕಂಪನಿ. ದುಡ್ಡು ಮುಂಡಪ್ಪಣ್ಣನದು, ನಿರ್ದೇಶನ ಅವರ ತಂಗಿಯ ಮಗ ರಂಜನ್‌ನದು, ಸಂಭಾಷಣೆ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದ ಜಯಲತಾಳದು. ಮಧ್ಯಾಹ್ನದ ಊಟ ಮುಗಿದು ಶಟರ್ ಅರ್ಧ ಇಳಿದರೆ, ಸಂಜೆಯ ದೋಸೆ ಗಿರಾಕಿಗಳು ಬರುವವರೆಗೆ ಶೂಟಿಂಗ್. ನಾಯಕಿ ಅನುಷ್ಕಾ ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡದಲ್ಲಿ ಏನು ಹೇಳಿದರೂ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ಹಾಗಾಗಿ ಒಂದು ಉಪಾಯ ಮಾಡಿದರು. ಕ್ಯಾಮೆರಾದ ಮುಂದೆ ಅನುಷ್ಕಾ ‘ಏಕ್, ದೋ, ತೀನ್’ ಎಂದು ಎಣಿಸುತ್ತಾ ಅಳಬೇಕು, ಬೈಯಬೇಕು, ನಗಬೇಕು. ಯಾವ ಮಾತಿಗೆ ಎಷ್ಟರವರೆಗೆ ಎಣಿಸಬೇಕೆಂದು ಕ್ಯಾಮೆರಾದ ಹಿಂದೆ ನಿಂತು ತುಟಿಯಾಡಿಸಿ ತೋರಿಸುವವಳು ಜಯಲತಾ. ಆಮೇಲೆ ದನಿ ಕೊಟ್ಟವಳೂ ಅವಳೇ. ಮೇ, ಜೂನ್ ತಿಂಗಳ ಎಂಟು ಭಾನುವಾರ, ಸುತ್ತ ಕಂಬಳಿ ಕಟ್ಟಿ, ಸದ್ದು ಸೇರುತ್ತದೆಂದು ಫ್ಯಾನ್ ನಿಲ್ಲಿಸಿ, ಬೆವರಿನಲ್ಲಿ ತೊಯ್ದು ಅವಳು ಅತ್ತದ್ದು ನಿಜವಾದ ಅಳುವೇ ಆಗಿತ್ತು.

ಮೊದಲ ಚಿತ್ರಕ್ಕೆ ಬಹುಮಾನ ಬಂತು. ಯಾವುದಕ್ಕೆ? ‘ಮುಂಬಯಿಯಲ್ಲಿ ಹುಟ್ಟಿದ ನಾಯಕಿಯ ಅಚ್ಚ ಕನ್ನಡಕ್ಕೆ!’

“ಜಯಕ್ಕ, ಈಗ ಬಾಯಿ ಬಿಟ್ರೆ ಪ್ರೈಜ್ ವಾಪಸ್ ಕೊಡ್ಬೇಕಾಗ್ತದೆ. ನೆಕ್ಸ್ಟ್ ಪಿಕ್ಚರ್‌ನಲ್ಲಿ ನಿಮ್ಮ ಹೆಸರು ದೊಡ್ಡದಾಗಿ ಹಾಕುವ” ಎಂದಿದ್ದ ರಂಜನ್. ಮೂರು ಚಿತ್ರಕ್ಕೂ ಹೀಗೆಯೇ ಮೂಗಿಗೆ ತುಪ್ಪ ಸವರಿದ. ಸಂಭಾಷಣೆಯ ಜಾಗದಲ್ಲಿ ‘ಮಾಳಿಗೆ ಬಳಗ’ ಎಂದು ಹಾಕಿದ. ಹೂಂ ಎಂದು ಸುಮ್ಮನಾದವಳು ತಾನೇ ಎಂಬುದೇ ಜಯಲತಾಳಿಗೆ ಹೆಚ್ಚಿನ ಉರಿ. ಹೋಗಲಿ, ಇತಿಹಾಸದಲ್ಲಾದರೂ ಬರೆಯುತ್ತಾರೆಂದು ಕಾದಿದ್ದಳು.

ವಾಶಿಯ ಸಭಾಂಗಣ ತುಂಬಿತ್ತು. ಜಯಲತಾಳಿಗೆ ಮೂರನೆಯ ಸಾಲು. ವೇದಿಕೆಯಲ್ಲಿ ಮುಂಡಪ್ಪಣ್ಣ, ರಂಜನ್, ಈಗ ಹಿಂದಿ ಧಾರಾವಾಹಿಗಳಲ್ಲಿ ಹೆಸರಾದ ಅನುಷ್ಕಾ. ಅವಳು ಮೈಕಿನ ಮುಂದೆ ಬಂದದ್ದೇ ತಡ, ಸಭೆ ಕೂಗತೊಡಗಿತು: “ಡೈಲಾಗ್! ಹೊಸ್ತಿಲಿನ ಡೈಲಾಗ್!” ಮೊದಲ ಚಿತ್ರದ ಕೊನೆಯಲ್ಲಿ ಸೊಸೆ ಮನೆ ಬಿಟ್ಟು ಹೊರಡುವಾಗ ಆಡುವ ಮಾತು ಅದು, ಊರಿಗೆಲ್ಲ ಬಾಯಿಪಾಠ.

ಅನುಷ್ಕಾ ನಕ್ಕಳು. ನಗು ಮುಗಿಯಿತು, ಮಾತು ಬರಲಿಲ್ಲ. ಅವಳ ಕಣ್ಣು ಹಳೆಯ ರೂಢಿಯಂತೆ ಜಯಲತಾಳನ್ನು ಹುಡುಕಿತು. ಕೂತಲ್ಲಿಂದಲೇ ತುಟಿಯಾಡಿಸಿದ್ದರೆ ಸಾಕಿತ್ತು. ಜಯಲತಾ ಬಾಯಿ ಬಿಗಿಹಿಡಿದು ಕೂತಳು.

ರಂಜನ್ ಓಡಿ ಕೆಳಗೆ ಬಂದ. “ಜಯಕ್ಕ, ಸ್ವಲ್ಪ ಹೇಳಿಕೊಡಿ ಮಾರಾಯ್ರೆ. ಮರ್ಯಾದೆ ಪ್ರಶ್ನೆ.”

“ಯಾರ ಮರ್ಯಾದೆ?” ಅವಳು ದನಿ ತಗ್ಗಿಸಲಿಲ್ಲ. “ಚಾ ಬೇಕಾದ್ರೆ ಮಾಡಿ ಕೊಡ್ತೇನೆ. ನಿನ್ನ ಪುಸ್ತಕದಲ್ಲಿ ನನ್ನ ಕೆಲಸ ಅದೇ ಅಲ್ವಾ?”

ಮುಂದಿನ ಸಾಲುಗಳು ಹಿಂತಿರುಗಿ ನೋಡಿದವು. ಅನುಷ್ಕಾ ಮೈಕ್ ಹಿಡಿದಳು. “ಅರೇ, ಮೈ ತೋ ಸಿರ್ಫ್ ಗಿನ್ತೀ ಬೋಲ್ತೀ ಥೀ, ಏಕ್ ದೋ ತೀನ್! ವಾಯ್ಸ್ ಎಲ್ಲ ಜಯಾ ಆಂಟಿದು. ನಿಮ್ಗೆ ಯಾರಿಗೂ ಮಾಲೂಮ್ ಇಲ್ವಾ?”

ಸಭೆಯಲ್ಲಿ ಗುಜುಗುಜು ಎದ್ದಿತು. ಮುಂಡಪ್ಪಣ್ಣ ಗಡಬಡಿಸಿ ತಮ್ಮ ಹೆಗಲ ಶಾಲನ್ನೇ ತೆಗೆದರು. “ಜಯಾ, ಸ್ಟೇಜಿಗೆ ಬಾ ಮಾರಾಯ್ತಿ.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇವರು ಕೊಡುತ್ತಿರುವುದು ಬರೀ ಶಾಲು.

“ಶಾಲು ಬೇಡ ಮುಂಡಪ್ಪಣ್ಣ, ಟಿಟ್ವಾಳಾದಲ್ಲಿ ಅಷ್ಟೇನೂ ಚಳಿ ಇಲ್ಲ. ಪೆನ್ನು ತೆಗೀರಿ. ಇಪ್ಪತ್ತೇಳನೇ ಪುಟ.”

ಮುಂಡಪ್ಪಣ್ಣ ಪುಸ್ತಕ ಓದಿರಲಿಲ್ಲ. ಈಗ ಓದಿದರು. ಅಳಿಯನನ್ನೊಮ್ಮೆ ನೋಡಿ, ಚಾ ತಿಂಡಿಯ ಸಾಲಿಗೆ ಅಡ್ಡಗೆರೆ ಎಳೆದು, ಏನೋ ಬರೆದು, ಮೈಕಿನಲ್ಲಿ ಓದಿದರು: “ಮೂರು ಚಿತ್ರದ ಮಾತು, ನಾಯಕಿಯ ದನಿ: ಜಯಲತಾ.”

“ಉಳಿದ ಪ್ರತಿಗಳಲ್ಲೂ ತಿದ್ದಿಯೇ ಹಂಚಬೇಕು” ಎಂದಳು ಜಯಲತಾ. ರಂಜನ್ ತಲೆಯಾಡಿಸುವವರೆಗೆ ಬಿಡಲಿಲ್ಲ.

ಆಮೇಲೆ ತನ್ನ ಸಾಲಿನಲ್ಲೇ ಎದ್ದು ನಿಂತು, ಮೈಕಿಲ್ಲದೆ, ಹನ್ನೆರಡು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಹೇಳಿದಳು:

“ಹೊಸ್ತಿಲು ದಾಟಿ ಬಂದವಳಿಗೆ ದಾಟಿ ಹೋಗ್ಲಿಕ್ಕೂ ಗೊತ್ತುಂಟು!”

ಸಭೆಯ ಅರ್ಧ ಜನ ಅಭ್ಯಾಸಬಲದಿಂದ ಅನುಷ್ಕಾಳ ಬಾಯಿಯನ್ನೇ ನೋಡಿದರು. ಅದು ಮುಚ್ಚಿತ್ತು.